ಸೀರಿಯಂ ಆಕ್ಸೈಡ್ ನ್ಯಾನೋ ಕಣಗಳ ಬಾಟಲಿ, ಎಂಟು ತಿಂಗಳು ಬಳಸಿದ ಮೇಲೆ ಬರೀತಿರೋ ರಿವ್ಯೂ

ಮೊದಲೇ ಹೇಳಿಬಿಡ್ತೀನಿ, ಇದು ಕುಡಿಯೋ ಔಷಧಿ ಅಲ್ಲ, ಮುಖಕ್ಕೆ ಹಚ್ಕೊಳೋ ಕ್ರೀಮ್ ಕೂಡ ಅಲ್ಲ. ಲ್ಯಾಬಲ್ಲಿ ಮನುಷ್ಯರ ಜೀವಕೋಶಗಳನ್ನ ಬೆಳೆಸಿ ಕೆಲಸ ಮಾಡೋರಿಗೆ ಅಂತಾನೆ ಮಾರೋ 25 ಎಂಎಲ್ ಬಾಟಲಿ. ಒಳಗೆ ಇರೋದು ನೀರಲ್ಲಿ ಹರಡಿಕೊಂಡಿರೋ ಸೀರಿಯಂ ಆಕ್ಸೈಡ್ ನ್ಯಾನೋ ಕಣಗಳು, ಕಣಗಳ ಮೇಲೆ ಸಿಟ್ರೇಟ್ (ನಿಂಬೆ ಹುಳಿಯ ಲವಣ) ಕೋಟಿಂಗ್, ಒಂದು ಎಂಎಲ್‌ಗೆ 10 ಮಿಲಿಗ್ರಾಂ, ಕಣದ ಸೈಜ್ 5 ನ್ಯಾನೋಮೀಟರ್ ಅಂತ ಲೇಬಲ್ ಮೇಲಿದೆ. ನಾನು ಇದನ್ನ ಚರ್ಮದ ಫೈಬ್ರೋಬ್ಲಾಸ್ಟ್ ಕೋಶಗಳ (ಚರ್ಮಕ್ಕೆ ಬಿಗಿ ಕೊಡೋ ನಾರು ತಯಾರಿಸೋವು) ಮೇಲೆ ಎಂಟು ತಿಂಗಳಿಂದ ಬಳಸ್ತಿದೀನಿ, ಒಂದು ಬಾಟಲಿ ಮುಗಿಸಿ ಎರಡನೇದರ ಅರ್ಧಕ್ಕೆ ಬಂದಿದೀನಿ. ಕಂಪನಿ ಹೆಸರು ಬರೆಯಲ್ಲ, ಯಾಕಂದ್ರೆ ನಾನು ಹೇಳೋ ತೊಂದರೆಗಳಲ್ಲಿ ಬಹಳಷ್ಟು ಈ ವಸ್ತುವಿನ ಸ್ವಭಾವದಿಂದಾನೇ ಬರೋವು, ನೀವು ಯಾರ ಹತ್ರ ತಗೊಂಡ್ರೂ ಎದುರಾಗೋವೇ.

ತರಿಸೋ ಮುಂಚೆ ನಾನು ತುಂಬಾ ಹುಡುಕಿದ್ದೆ, ಜೀವಕೋಶಕ್ಕೆ ಹಾಕಿ ನೋಡಿದೋರು ಯಾರಾದ್ರೂ ಬಳಕೆ ಬಗ್ಗೆ ಬರೆದಿದಾರಾ ಅಂತ. ಸಿಕ್ಕಿದ್ದೆಲ್ಲಾ ಗಾಜು ಪಾಲಿಶ್ ಮಾಡೋರ ಮಾತು, ಸೀರಿಯಂ ಆಕ್ಸೈಡ್‌ನ ಹಳೇ ಕೆಲಸ ಅದೇ ನೋಡಿ, ಗಾಜು ಉಜ್ಜೋದು ಮತ್ತೆ ವಾಹನಗಳ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಕೂರೋದು. ರಿಸರ್ಚ್ ಪೇಪರ್‌ಗಳು ಬೇಕಾದಷ್ಟಿವೆ, ಆದ್ರೆ ಪೇಪರಲ್ಲಿ ಗೆದ್ದ ದಿನದ ಕಥೆ ಮಾತ್ರ ಇರತ್ತೆ. ಕೈ ಸುಟ್ಕೊಂಡ ದಿನಗಳನ್ನೂ ಸೇರಿಸಿ ಬರೆದ್ರೆ ಮುಂದೆ ತಗೊಳೋರಿಗೆ ಎರಡು ಮೂರು ತಿಂಗಳಾದ್ರೂ ಉಳಿಯತ್ತೆ ಅಂತ ಈ ಪ್ರಯತ್ನ.

ಜೀವಕೋಶಕ್ಕೆ ಸ್ಟ್ರೆಸ್ ಅಂದ್ರೆ ನಮ್ಮ ನಿಮ್ಮ ಟೆನ್ಶನ್ ಥರ ಅಲ್ಲ. ಕೋಶದೊಳಗಿನ ಮೈಟೋಕಾಂಡ್ರಿಯಾ ಆಮ್ಲಜನಕ ಬಳಸಿ ಶಕ್ತಿ ತಯಾರು ಮಾಡುವಾಗ ಒಂದಿಷ್ಟು ಎಲೆಕ್ಟ್ರಾನ್ ದಾರಿ ತಪ್ಪಿ ಆಮ್ಲಜನಕಕ್ಕೆ ಅಂಟ್ಕೊಂಡು ಸೂಪರಾಕ್ಸೈಡ್ ಆಗತ್ತೆ, ಅದರಿಂದ ಹೈಡ್ರೋಜನ್ ಪೆರಾಕ್ಸೈಡ್, ಅದಕ್ಕೆ ಕಬ್ಬಿಣ ಸಿಕ್ಕಿದ್ರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್, ಈ ಕೊನೇದು ಎದುರಿಗೆ ಸಿಕ್ಕಿದ್ದನ್ನ, ಡಿಎನ್ಎ ಆಗ್ಲಿ ಪ್ರೋಟೀನ್ ಆಗ್ಲಿ ಕೋಶದ ಪೊರೆ ಆಗ್ಲಿ, ಕಚ್ಚದೇ ಬಿಡಲ್ಲ. ಬಿಸಿಲಿನ ಯುವಿ, ರೇಡಿಯೇಷನ್, ಕೆಲವು ಔಷಧಿಗಳು, ಉರಿಯೂತ, ಇವೆಲ್ಲಾ ಇದನ್ನೇ ಹೆಚ್ಚು ಮಾಡ್ತವೆ. ಕೋಶದ ಹತ್ರ ಅದರದ್ದೇ ಕಾವಲು ಇದೆ. ಸೂಪರಾಕ್ಸೈಡನ್ನ ಪೆರಾಕ್ಸೈಡ್ ಮಾಡೋಕೆ ಎಸ್ಒಡಿ ಅನ್ನೋ ಕಿಣ್ವ, 1969ರಲ್ಲಿ ಮೆಕ್‌ಕಾರ್ಡ್ ಮತ್ತೆ ಫ್ರಿಡೋವಿಚ್ ಅದರ ಕೆಲಸ ತೋರಿಸಿಕೊಟ್ರು. ಆ ಪೆರಾಕ್ಸೈಡನ್ನ ನೀರು ಮತ್ತೆ ಆಮ್ಲಜನಕ ಮಾಡೋಕೆ ಕ್ಯಾಟಲೇಸ್. ಹುಟ್ಟೋ ವೇಗ ಕಾವಲಿನ ಶಕ್ತಿ ಮೀರಿದಾಗ ಆಕ್ಸಿಡೇಟಿವ್ ಸ್ಟ್ರೆಸ್ ಅಂತೀವಿ. ಈ ಬಾಟಲಿ ಮಾತು ಕೊಡೋದು ಏನಂದ್ರೆ, ಆ ಎರಡು ಕಿಣ್ವಗಳ ಕೆಲಸವನ್ನ ಒಂದೇ ಕಣ ಮಾಡತ್ತೆ ಅಂತ.

ಹೇಗೆ ಮಾಡತ್ತೆ ಅನ್ನೋದು ನನಗೆ ಇವತ್ತಿಗೂ ಖುಷಿ ಕೊಡೋ ವಿಷಯ. ಸೀರಿಯಂ ಅನ್ನೋ ಲೋಹ 1803ರಲ್ಲಿ ಪತ್ತೆ ಆಗಿದ್ದು, ಅದಕ್ಕೆ ಎರಡು ವರ್ಷ ಮುಂಚೆ ಕಂಡ ಸೀರಿಸ್ ಅನ್ನೋ ಆಕಾಶಕಾಯದ ಹೆಸರನ್ನೇ ಇಟ್ರು. ಇದರ ಪರಮಾಣು ಎರಡು ಸ್ಥಿತಿಯಲ್ಲಿ ಆರಾಮಾಗಿ ಇರಬಲ್ಲದು, ಮೂರು ಎಲೆಕ್ಟ್ರಾನ್ ಕಳ್ಕೊಂಡು ಇಲ್ಲಾ ನಾಲ್ಕು ಕಳ್ಕೊಂಡು, ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ಹೋಗಿ ಬರತ್ತೆ. ಆಕ್ಸೈಡ್ ಹರಳನ್ನ ತುಂಬಾ ಸಣ್ಣದು ಮಾಡಿದಾಗ ಮೇಲ್ಮೈಯಲ್ಲಿ ಅಲ್ಲಲ್ಲಿ ಆಮ್ಲಜನಕ ಇರಬೇಕಾದ ಜಾಗ ಖಾಲಿ ಬೀಳತ್ತೆ, ಆ ಖಾಲಿ ಜಾಗದ ಸುತ್ತ ಮೂರರ ಸೀರಿಯಂ ಜಾಸ್ತಿ ಇರತ್ತೆ, ಅಲ್ಲೇ ನಡೆಯೋದು ಎಲ್ಲಾ ವ್ಯವಹಾರ. ಮೂರರ ಸೀರಿಯಂ ಜಾಸ್ತಿ ಇದ್ರೆ ಎಸ್ಒಡಿ ಥರ, ನಾಲ್ಕರದು ಜಾಸ್ತಿ ಇದ್ರೆ ಕ್ಯಾಟಲೇಸ್ ಥರ. ಒಂದು ಸಲ ಕೆಲಸ ಮಾಡಿ ಮುಗೀತು ಅಂತ ಆಗಲ್ಲ, ಮತ್ತೆ ಮೊದಲಿನ ಸ್ಥಿತಿಗೆ ಬಂದು ಮತ್ತೆ ಕೆಲಸಕ್ಕೆ ನಿಲ್ಲತ್ತೆ. ವಿಟಮಿನ್ ಸಿ ಒಂದು ಅಣು ಖರ್ಚಾದ್ರೆ ಖರ್ಚಾಯ್ತು, ಕೋಶ ಅದನ್ನ ಮತ್ತೆ ರಿಪೇರಿ ಮಾಡ್ಕೋಬೇಕು, ಇದಕ್ಕೆ ಆ ಹಂಗಿಲ್ಲ. 5 ನ್ಯಾನೋಮೀಟರ್ ಕಣದಲ್ಲಿ ಲೆಕ್ಕ ಹಾಕಿದ್ರೆ ಸುಮಾರು 1600 ಸೀರಿಯಂ ಪರಮಾಣು ಬರತ್ತೆ ಅಷ್ಟೇ, ಕೋಶದ ಅಗಲ 20 ಮೈಕ್ರೋಮೀಟರ್ ಅಂದ್ಕೊಂಡ್ರೆ ಅದರ ನಾಲ್ಕು ಸಾವಿರದಲ್ಲಿ ಒಂದು ಪಾಲು ಈ ಕಣ.

ಬಾಟಲಿ ಬಂದ ದಿನ ಮಾಡಿದ ಮೊದಲ ಕೆಲಸ ಬಣ್ಣದ ಟೆಸ್ಟ್. ತಗೊಳೋರು ಎಲ್ಲರೂ ದಯವಿಟ್ಟು ಇದನ್ನ ಮಾಡಿ, ಐದು ನಿಮಿಷದ ಕೆಲಸ. ದ್ರಾವಣ ತೆಳು ಹಳದಿ ಇರತ್ತೆ, ಬೆಳಕಿಗೆ ಹಿಡಿದ್ರೆ ಆಚೆ ಕಡೆ ಕಾಣ್ಬೇಕು. ಒಂದು ಎಂಎಲ್ ಬೇರೆ ಟ್ಯೂಬ್‌ಗೆ ತಗೊಂಡು ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದೆ, ನೋಡ್ತಿದ್ದಂಗೇ ಕೇಸರಿ ಕಡೆ ತಿರುಗಿ ಆಮೇಲೆ ಗಾಢ ಆಯ್ತು. ಟ್ಯೂಬನ್ನ ಹಾಗೇ ಸ್ಟ್ಯಾಂಡಲ್ಲಿ ಇಟ್ಟಿದ್ದೆ, ದಿನ ಕಳೆದಂಗೆ ತಿಳಿ ಆಗ್ತಾ ಆಗ್ತಾ ಸುಮಾರು ಎರಡು ವಾರಕ್ಕೆ ಮತ್ತೆ ತೆಳು ಹಳದಿಗೆ ಬಂತು. ಮತ್ತೆ ಪೆರಾಕ್ಸೈಡ್ ಹಾಕಿದ್ರೆ ಮತ್ತೆ ಕೇಸರಿ. ಕಣ ತನ್ನನ್ನ ತಾನೇ ಮೊದಲಿನಂಗೆ ಮಾಡ್ಕೊಳತ್ತೆ ಅಂತ ಪುಸ್ತಕದಲ್ಲಿ ಓದೋದು ಬೇರೆ, ಒಂದು ಟ್ಯೂಬಲ್ಲಿ ಕಣ್ಣಾರೆ ನೋಡೋದು ಬೇರೆ. ಬಣ್ಣ ಬದಲಾಗಲೇ ಇಲ್ಲ ಅಂದ್ರೆ ಆ ಬಾಟಲಿಯನ್ನ ಕೋಶದ ಹತ್ರ ಒಯ್ಯೋದೇ ಬೇಡ.

ಇಷ್ಟೆಲ್ಲಾ ಆದ್ಮೇಲೂ ಮೊದಲ ಪ್ರಯೋಗ ಪೂರ್ತಿ ಕೆಟ್ಟೋಯ್ತು. ಪ್ಲಾನ್ ಸರಳ, ಕೋಶ ಬೆಳೆಸೋ ಪ್ಲೇಟಿನ ಕೆಲವು ಬಾವಿಗಳಿಗೆ (ಸಣ್ಣ ಗುಂಡಿಗಳು) ಕಣ ಹಾಕೋದು, ಕೆಲವಕ್ಕೆ ಹಾಕದೇ ಬಿಡೋದು, ಮಾರನೇ ದಿನ ಎಲ್ಲಕ್ಕೂ ಪೆರಾಕ್ಸೈಡ್ ಕೊಟ್ಟು ಯಾವ ಕೋಶ ಉಳೀತು ಅಂತ ನೋಡೋದು. 300 ಮೈಕ್ರೋಮೋಲಾರ್ (ದ್ರಾವಣದ ಸಾಂದ್ರತೆಯ ಅಳತೆ) ಪೆರಾಕ್ಸೈಡ್ ಕೊಟ್ರೂ ಎರಡೂ ಕಡೆ ಕೋಶಗಳು ಆರಾಮಾಗಿ ಹರಡ್ಕೊಂಡು ಕೂತಿದ್ವು, ಕಣ ಹಾಕದೇ ಇರೋವು ಕೂಡ. ಪೆರಾಕ್ಸೈಡ್ ಹಳೇದು ಅಂತ ಹೊಸ ಬಾಟಲಿ ಒಡೆದೆ, ಡೋಸ್ ಏರಿಸಿದೆ, ಕೋಶಗಳ ವಯಸ್ಸು ಜಾಸ್ತಿ ಆಯ್ತೇನೋ ಅಂತ ಹೊಸ ವಯಲ್ ತೆಗೆದೆ, ಹೀಗೆ ಮೂರು ವಾರ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆಯೋ ಕೆಲಸ ನಡೀತು. ಕೊನೆಗೆ ನಮ್ಮ ಮೇಡಂ ನೋಟ್‌ಬುಕ್ ತಿರುಗಿಸಿ ನೋಡಿ ಒಂದೇ ಒಂದು ಪ್ರಶ್ನೆ ಕೇಳಿದ್ರು, "ಮೀಡಿಯಾದಲ್ಲಿ ಪೈರುವೇಟ್ ಇದೆಯೇನಮ್ಮಾ?" ಇತ್ತು. ಮೀಡಿಯಾ ಅಂದ್ರೆ ಕೋಶಗಳು ಮುಳುಗಿ ಬೆಳೆಯೋ ಪೋಷಕ ದ್ರವ, ಅದರಲ್ಲಿ 1 ಮಿಲಿಮೋಲಾರ್, ಅಂದ್ರೆ 1000 ಮೈಕ್ರೋಮೋಲಾರ್, ಸೋಡಿಯಂ ಪೈರುವೇಟ್, ಎಷ್ಟೋ ಮೀಡಿಯಾಗಳಲ್ಲಿ ಕೋಶಗಳಿಗೆ ಆಹಾರ ಅಂತ ಹಾಕಿರ್ತಾರೆ. ಅದು ಪೆರಾಕ್ಸೈಡ್ ಜೊತೆ ನೇರವಾಗಿ ಸೇರಿ ಅಸಿಟೇಟ್, ಕಾರ್ಬನ್ ಡೈಆಕ್ಸೈಡ್, ನೀರು ಆಗ್ಬಿಡತ್ತೆ, ಒಂದಕ್ಕೆ ಒಂದು ಲೆಕ್ಕ. ನಾನು ಕೊಡ್ತಿದ್ದ ಪೆರಾಕ್ಸೈಡ್‌ಗಿಂತ ಮೂರು ಪಟ್ಟು ಪೈರುವೇಟ್ ಅಲ್ಲಿ ಕೂತಿತ್ತು, ಕೋಶದವರೆಗೆ ಏನೂ ಹೋಗಿರಲಿಲ್ಲ. ಪೈರುವೇಟ್ ಇಲ್ಲದ ಮೀಡಿಯಾ ಹಾಕಿದ ದಿನವೇ ಕಣ ಇಲ್ಲದ ಬಾವಿಗಳಲ್ಲಿ ಕೋಶಗಳು ದುಂಡಗಾಗಿ ಎದ್ದು ತೇಲಿದ್ವು. ಈ ಒಂದು ಸಾಲನ್ನ ಬಾಟಲಿ ಜೊತೆ ಬರೋ ಹಾಳೆಯಲ್ಲಿ ಹಾಕಿದ್ರೆ ಎಷ್ಟು ಜನರ ತಿಂಗಳುಗಳು ಉಳೀತಿದ್ವೋ. ಕಂಪನಿಯವರಿಗೆ ಬರೆದು ಕೇಳಿದೀನಿ, ಇನ್ನೂ ಹಾಕಿಲ್ಲ.

ಎರಡನೇ ಪೆಟ್ಟು ಬಫರ್‌ನಿಂದ. ಲ್ಯಾಬಲ್ಲಿ ಏನನ್ನೇ ತೆಳು ಮಾಡ್ಬೇಕು ಅಂದ್ರೂ ಕೈ ತಾನಾಗೇ ಪಿಬಿಎಸ್ ಅನ್ನೋ ಫಾಸ್ಫೇಟ್ ಮತ್ತೆ ಉಪ್ಪು ಇರೋ ಬಫರ್ (ಪಿಎಚ್ ಕಾಯೋ ದ್ರಾವಣ) ಬಾಟಲಿಗೆ ಹೋಗತ್ತೆ, ನನ್ನ ಜೂನಿಯರ್ ಹುಡುಗಿ ಅದನ್ನೇ ಮಾಡಿದ್ಲು, ತಪ್ಪು ಅವಳದ್ದಲ್ಲ, ನಾನೂ ಹೇಳಿರಲಿಲ್ಲ ಹಾಳೆಯಲ್ಲೂ ಇರಲಿಲ್ಲ. ಅರ್ಧ ಗಂಟೆಗೆ ದ್ರಾವಣ ಮಬ್ಬಾಯ್ತು, ಮಧ್ಯಾಹ್ನದ ಹೊತ್ತಿಗೆ ಟ್ಯೂಬ್ ತಳದಲ್ಲಿ ಹಳದಿ ಗಸಿ. ಸಿಟ್ರೇಟ್ ಕೋಟಿಂಗ್ ಇರೋ ಕಣಗಳೆಲ್ಲಾ ಋಣ ಚಾರ್ಜ್ ಹೊತ್ಕೊಂಡು ಒಂದನ್ನೊಂದು ದೂರ ತಳ್ಕೊಂಡು ಬದುಕಿರ್ತವೆ, ಉಪ್ಪು ಜಾಸ್ತಿ ಆದ್ರೆ ಆ ತಳ್ಳಾಟ ಮುಚ್ಚಿಹೋಗಿ ಒಂದಕ್ಕೊಂದು ಅಂಟ್ಕೋತವೆ. ಅದಲ್ಲದೇ ಫಾಸ್ಫೇಟ್ ಬಂದು ಸೀರಿಯಂಗೆ ಗಟ್ಟಿಯಾಗಿ ಕೂತ್ಕೊಳತ್ತೆ, ಮೂರರ ಸೀರಿಯಂ ಜಾಗಗಳನ್ನೇ ಹಿಡ್ಕೊಂಡುಬಿಡೋದ್ರಿಂದ ಎಸ್ಒಡಿ ಥರದ ಕೆಲಸವೇ ಬಿದ್ದುಹೋಗತ್ತೆ. ಹಂಗಾಗಿ ಗಸಿ ಕಾಣದೇ ಇದ್ರೂ ಪಿಬಿಎಸ್‌ನಲ್ಲಿ ದಿನಗಟ್ಟಲೆ ಇಟ್ಟ ಕಣವನ್ನ ನಂಬೋ ಹಾಗಿಲ್ಲ.

ಇನ್ನೊಂದು ಸಲ ಬ್ಯಾಕ್ಟೀರಿಯಾ ಹೋಗ್ಲಿ ಅಂತ 0.22 ಮೈಕ್ರಾನ್ ಫಿಲ್ಟರ್ ಹಾಕಿ ಸೋಸಿದೆ, ಐದು ನ್ಯಾನೋಮೀಟರ್ ಕಣ ಸಲೀಸಾಗಿ ದಾಟ್ಬೇಕು ತಾನೇ. ಫಿಲ್ಟರ್ ಹಳದಿ ಆಯ್ತು, ಕೆಳಗೆ ಬಂದ ದ್ರಾವಣ ನೀರಿನಂಗೆ ತಿಳಿ. ಅಂಟ್ಕೊಂಡ ಗುಂಪುಗಳೆಲ್ಲಾ ಮೇಲೇ ನಿಂತು, ಕೆಳಗೆ ಎಷ್ಟು ಉಳೀತು ಅಂತ ಲೆಕ್ಕವೇ ಇಲ್ಲ, ಆ ಬ್ಯಾಚ್‌ನ ಡೋಸ್ ಎಲ್ಲಾ ಸುಳ್ಳು. ಈಗ ನಾನು ಮಾಡೋದು ಹೀಗೆ, ಮೂಲ ಬಾಟಲಿಯಿಂದ ನೀರಿಗೆ ಮೊದಲ ಡೈಲ್ಯೂಷನ್, ಐದು ನಿಮಿಷ ಸೋನಿಕೇಟರ್ ಬಾತ್ (ಶಬ್ದದ ಅಲೆಯಿಂದ ಗುಂಪು ಬಿಡಿಸೋ ತೊಟ್ಟಿ), ಸೀರಂ (ರಕ್ತದಿಂದ ತೆಗೆದ ಪ್ರೋಟೀನ್ ತುಂಬಿರೋ ದ್ರವ) ಸೇರಿಸಿರೋ ಮೀಡಿಯಾ ಮೊದಲೇ ಬೇರೆ ಟ್ಯೂಬಲ್ಲಿ ರೆಡಿ, ಅದಕ್ಕೆ ಕಣವನ್ನ ಹನಿ ಹನಿಯಾಗಿ ಅಲ್ಲಾಡಿಸ್ತಾ ಹಾಕೋದು, ಕೂಡ್ಲೇ ಕೋಶಗಳಿಗೆ. ಸೀರಂ ಮೊದಲು ಕಣ ಆಮೇಲೆ, ಈ ಕ್ರಮ ತಪ್ಪಬಾರದು, ಸೀರಂನ ಪ್ರೋಟೀನ್ ಕಣದ ಸುತ್ತ ಹೊದಿಕೆ ಥರ ಕೂತ್ರೆ ಒಂದಕ್ಕೊಂದು ಅಂಟೋದು ತಪ್ಪತ್ತೆ.

ಇಲ್ಲಿ ಒಂದು ಮಾತು ಬರತ್ತೆ. ಲೇಬಲ್ ಮೇಲೆ 5 ನ್ಯಾನೋಮೀಟರ್ ಅಂತ ಬರೆದಿರೋದು ಸುಳ್ಳಲ್ಲ, ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೆಳಗೆ ಒಣಗಿಸಿ ನೋಡಿದ್ರೆ ಹರಳು ಅಷ್ಟೇ ಇದೆ. ಆದ್ರೆ ಕೋಶ ನೋಡೋದು ಒಣಗಿದ ಹರಳನ್ನಲ್ಲ, ಪ್ರೋಟೀನ್ ಹೊದ್ಕೊಂಡು ಮೂರು ನಾಲ್ಕು ಒಟ್ಟಿಗೆ ಸೇರಿರೋ ಗುಂಪನ್ನ. ಮೀಡಿಯಾದಲ್ಲಿ ಡಿಎಲ್ಎಸ್ (ಬೆಳಕು ಚದುರೋದರಿಂದ ದ್ರವದಲ್ಲಿನ ಕಣದ ಸೈಜ್ ಅಳೆಯೋ ವಿಧಾನ) ಮಾಡಿದಾಗ ನನಗೆ ಬಂದಿದ್ದು ಹತ್ತಾರು ನ್ಯಾನೋಮೀಟರ್, ಕ್ರಮ ತಪ್ಪಿದ ದಿನ ನೂರಾರು. ಡೇಟಾ ಶೀಟಲ್ಲಿ ನೀರಿನಲ್ಲಿ ಅಳೆದ ಒಂದು ನಂಬರ್ ಕೊಟ್ಟು ಕೈ ತೊಳ್ಕೊಂಡಿದಾರೆ. ಕೋಶಕ್ಕೆ ಅಂತ ಮಾರುವಾಗ ಮೀಡಿಯಾದಲ್ಲಿ 24 ಗಂಟೆ ಆದ್ಮೇಲೆ ಸೈಜ್ ಎಷ್ಟು ಅಂತ ಕೊಡೋದು ಅವರ ಕರ್ತವ್ಯ ಅಂತ ನನ್ನ ಗಟ್ಟಿ ಅಭಿಪ್ರಾಯ.

ಈಗ ಒಳ್ಳೇ ಸುದ್ದಿ. ಇದೆಲ್ಲಾ ಸರಿ ಮಾಡ್ಕೊಂಡ ಮೇಲೆ ಬಂದ ಮೊದಲ ಪ್ಲೇಟನ್ನ ನಾನು ಮರೆಯಲ್ಲ. ಎಂಎಲ್‌ಗೆ 10 ಮೈಕ್ರೋಗ್ರಾಂ ಕಣ, 24 ಗಂಟೆ 37 ಡಿಗ್ರಿ ಇನ್‌ಕ್ಯುಬೇಟರ್‌ನಲ್ಲಿ, ಆಮೇಲೆ ಮೀಡಿಯಾ ತೆಗೆದು ಮೂರು ಸಲ ತೊಳೆದು, ಕಣ ಇಲ್ಲದ ಪೈರುವೇಟ್ ಇಲ್ಲದ ಹೊಸ ಮೀಡಿಯಾದಲ್ಲಿ ಪೆರಾಕ್ಸೈಡ್. ಮಾರನೇ ದಿನ ಬೆಳಿಗ್ಗೆ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಕಣ ಕೊಡದ ಬಾವಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೋಶಗಳು ಕಿತ್ತುಬಂದು ಹೊಳೆಯೋ ಗುಂಡುಗಳಾಗಿ ತೇಲ್ತಿದ್ವು, ಅಂಟಿಕೊಂಡಿರೋವೂ ಮುದುಡಿ ಹೋಗಿದ್ವು, ಪಕ್ಕದಲ್ಲೇ ಕಣ ಕೊಟ್ಟ ಬಾವಿಯಲ್ಲಿ ಉದ್ದಕ್ಕೆ ಚಾಚ್ಕೊಂಡು, ಒಂದರ ಪಕ್ಕ ಒಂದು ಸಾಲಾಗಿ, ಫೈಬ್ರೋಬ್ಲಾಸ್ಟ್ ಹೇಗಿರಬೇಕೋ ಹಾಗೇ. ಎಲ್ಲವೂ ಅಲ್ಲ, ಕೆಲವು ಸತ್ತಿದ್ವು, ಆದ್ರೆ ವ್ಯತ್ಯಾಸಕ್ಕೆ ಗ್ರಾಫ್ ಬೇಕಾಗಿರಲಿಲ್ಲ. ಜೂನಿಯರ್‌ನ ಕರೆದು ಯಾವ ಬಾವಿ ಯಾವುದು ಅಂತ ಹೇಳದೇ ತೋರಿಸಿದೆ, ಆರಕ್ಕೆ ಆರೂ ಸರಿಯಾಗಿ ಹೇಳಿದ್ಲು. ಆಮೇಲೆ ಬೇರೆ ಬೇರೆ ದಿನ ಬೇರೆ ಬೇರೆ ಕೋಶಗಳ ಬ್ಯಾಚಲ್ಲಿ ಮಾಡಿದೀವಿ, ಕ್ರಮ ಪಾಲಿಸಿದ ದಿನವೆಲ್ಲಾ ಇದೇ ದಿಕ್ಕಿನ ಫಲಿತಾಂಶ.

ಆ ಮೂರು ಸಲ ತೊಳೆಯೋದು ಇದೆಯಲ್ಲಾ, ಅದರ ಬಗ್ಗೆ ಸ್ವಲ್ಪ ಒತ್ತಿ ಹೇಳ್ಬೇಕು. ಕಣ ಮತ್ತೆ ಪೆರಾಕ್ಸೈಡ್ ಒಂದೇ ಮೀಡಿಯಾದಲ್ಲಿ ಒಟ್ಟಿಗೆ ಹಾಕಿದ್ರೆ ಕೋಶ ಉಳಿಯತ್ತೆ, ಸೊಗಸಾಗಿ ಉಳಿಯತ್ತೆ, ಆದ್ರೆ ಅದು ಕೋಶವನ್ನ ಕಾಪಾಡಿದ್ದಲ್ಲ, ಕೋಶದ ಹೊರಗೇ ಪೆರಾಕ್ಸೈಡನ್ನ ಮುಗಿಸಿದ್ದು, ಪೈರುವೇಟ್ ಮಾಡಿದ ಹಾಗೇ. ಕೋಶದ ಒಳಗೆ ಹೋಗಿ ಕೂತ ಕಣ ಏನು ಮಾಡತ್ತೆ ಅಂತ ಗೊತ್ತಾಗ್ಬೇಕಾದ್ರೆ ಹೊರಗಿನದ್ದೆಲ್ಲಾ ಹೋಗಿರಬೇಕು. ಕೋಶಗಳೇ ಇಲ್ಲದ ಖಾಲಿ ಬಾವಿಗಳಲ್ಲೂ ಅದೇ ತೊಳೆಯೋ ಕ್ರಮ ಮಾಡಿ ಎಷ್ಟು ಪೆರಾಕ್ಸೈಡ್ ಉಳೀತು ಅಂತ ನೋಡಿ, ಪ್ಲಾಸ್ಟಿಕ್‌ಗೆ ಅಂಟ್ಕೊಂಡ ಕಣವೂ ಕೆಲಸ ಮಾಡತ್ತೆ. ಇನ್ನೊಂದು ಕಂಟ್ರೋಲ್, ಅಂದ್ರೆ ಹೋಲಿಕೆಗೆ ಇಡೋದು, ಬರೀ ಸಿಟ್ರೇಟ್ ಹಾಕಿದ ಬಾವಿ, ಯಾಕಂದ್ರೆ ಸಿಟ್ರೇಟ್ ತಾನೇ ಕಬ್ಬಿಣವನ್ನ ಹಿಡ್ಕೊಳತ್ತೆ.

ಅಳೆಯೋ ಬಣ್ಣಗಳ ಬಗ್ಗೆ ಹುಷಾರು. ಎಲ್ಲರೂ ಮೊದಲು ಮಾಡೋದು ಎಂಟಿಟಿ, ಹಳದಿ ಪುಡಿ ಬದುಕಿರೋ ಕೋಶದಲ್ಲಿ ನೇರಳೆ ಆಗತ್ತೆ, 570 ನ್ಯಾನೋಮೀಟರಲ್ಲಿ ಓದೋದು. ಕಣ ಗುಂಪಾಗಿ ಬಾವಿಯ ತಳದಲ್ಲಿ ಕೂತಿದ್ರೆ ಬೆಳಕನ್ನ ಚದುರಿಸಿ ಸುಳ್ಳೇ ಜಾಸ್ತಿ ಓದತ್ತೆ, ಸತ್ತ ಕೋಶ ಬದುಕಿರೋ ಹಾಗೆ ಲೆಕ್ಕಕ್ಕೆ ಬರತ್ತೆ. ಒಳಗಿನ ಸ್ಟ್ರೆಸ್ ನೋಡೋಕೆ ಬಳಸೋ ಡಿಸಿಎಫ್ ಬಣ್ಣ ಇನ್ನೂ ಕಷ್ಟದ್ದು, ಅದು ಪೆರಾಕ್ಸೈಡ್ ಜೊತೆ ನೇರವಾಗಿ ಸೇರೋದೇ ಇಲ್ಲ, ಮಧ್ಯೆ ಕಬ್ಬಿಣವೋ ಪೆರಾಕ್ಸಿಡೇಸ್ ಕಿಣ್ವವೋ ಬೇಕು, ಮೇಲಿಂದ ಹುಳಿ ವಾತಾವರಣದಲ್ಲಿ ಸೀರಿಯಂ ಕಣ ಕೆಲವು ಬಣ್ಣಗಳನ್ನ ತಾನೇ ಆಕ್ಸಿಡೈಸ್ ಮಾಡಿಬಿಡತ್ತೆ. ನಾನು ಈಗ ಎಂಟಿಟಿ ಜೊತೆ ಟ್ರಿಪಾನ್ ಬ್ಲೂ (ಸತ್ತ ಕೋಶಕ್ಕೆ ಮಾತ್ರ ಹಿಡಿಯೋ ನೀಲಿ ಬಣ್ಣ) ಹಾಕಿ ಕೈಯಲ್ಲೇ ಎಣಿಸ್ತೀನಿ, ಆಮೇಲೆ ಅದೇ ಕೋಶಗಳನ್ನ ತೆಳುವಾಗಿ ಬಿತ್ತಿ ಎಷ್ಟು ಮತ್ತೆ ಬೆಳೆದು ಗುಂಪು ಕಟ್ತವೆ ಅಂತ ಹತ್ತು ಹನ್ನೆರಡು ದಿನ ಕಾದು ನೋಡ್ತೀನಿ. ನಿಧಾನದ ಕೆಲಸ, ಆದ್ರೆ ಬೆಳೆದು ಗುಂಪು ಕಟ್ಟಿದ ಕೋಶ ಸುಳ್ಳು ಹೇಳಲ್ಲ.

ಡೋಸ್ ವಿಷಯದಲ್ಲಿ ಜಾಸ್ತಿ ಹಾಕಿದ್ರೆ ಜಾಸ್ತಿ ಕಾಪಾಡತ್ತೆ ಅನ್ನೋ ಆಸೆ ಬೇಡ. ನನ್ನ ಕೋಶಗಳಲ್ಲಿ ಎಂಎಲ್‌ಗೆ 1 ಮೈಕ್ರೋಗ್ರಾಂ ಹೆಚ್ಚೇನೂ ಮಾಡಲಿಲ್ಲ, 10ರಿಂದ 25ರವರೆಗೆ ಚೆನ್ನಾಗಿತ್ತು, 100ಕ್ಕೆ ಹೋದಾಗ ಪೆರಾಕ್ಸೈಡ್ ಕೊಡದೇ ಇದ್ರೂ ಕೋಶದೊಳಗೆ ಕಪ್ಪು ಚುಕ್ಕೆಗಳು ತುಂಬ್ಕೊಂಡು ಬೆಳವಣಿಗೆ ನಿಧಾನ ಆಯ್ತು. ನಿಮ್ಮ ಕೋಶದ ಜಾತಿ ಬೇರೆ ಆದ್ರೆ ಈ ನಂಬರ್ ಕೂಡ ಬೇರೆ, ನೀವೇ ನೋಡ್ಕೋಬೇಕು. ಪೇಪರ್‌ಗಳ ಜೊತೆ ಹೋಲಿಸುವಾಗ ಒಂದು ಗೊಂದಲ ಇದೆ, ಕೆಲವರು ಮೈಕ್ರೋಗ್ರಾಂ ಬರೀತಾರೆ ಕೆಲವರು ಮೈಕ್ರೋಮೋಲಾರ್, ಎಂಎಲ್‌ಗೆ 10 ಮೈಕ್ರೋಗ್ರಾಂ ಅಂದ್ರೆ ಸುಮಾರು 58 ಮೈಕ್ರೋಮೋಲಾರ್ ಸೀರಿಯಂ ಆಕ್ಸೈಡ್ ಅಂತ ನೆನಪಿಟ್ಕೊಳಿ.

ಕಣ ಕೋಶದೊಳಗೆ ಹೋಗಿ ಎಲ್ಲಿ ಕೂರತ್ತೆ ಅನ್ನೋದೂ ಮುಖ್ಯ. ಕೋಶ ಅದನ್ನ ನುಂಗಿ ಬಹಳಷ್ಟನ್ನ ತನ್ನ ಜೀರ್ಣಚೀಲ ಆದ ಲೈಸೋಸೋಮ್‌ಗೆ ಕಳಿಸತ್ತೆ, ಅಲ್ಲಿ ಪಿಎಚ್ 4.5ರಿಂದ 5, ಒಳ್ಳೇ ಹುಳಿ. ಆ ಹುಳಿಯಲ್ಲಿ ಪೆರಾಕ್ಸೈಡ್ ಮುರಿಯೋ ಕೆಲಸ ಕುಗ್ಗಿ, ಕಾಪಾಡಬೇಕಾದ್ದೇ ತೊಂದರೆ ಕೊಡೋ ಕಡೆ ವಾಲಬಹುದು. ಕ್ಯಾನ್ಸರ್ ಗೆಡ್ಡೆಗಳ ಸುತ್ತ ಹುಳಿ ಸ್ವಲ್ಪ ಜಾಸ್ತಿ ಇರೋದ್ರಿಂದ ಆರೋಗ್ಯವಂತ ಕೋಶವನ್ನ ಕಾಪಾಡಿ ಕ್ಯಾನ್ಸರ್ ಕೋಶವನ್ನ ಕಾಪಾಡದೇ ಬಿಡೋ ಸಾಧ್ಯತೆ ಬಗ್ಗೆ ಇಷ್ಟೊಂದು ಜನ ಕೆಲಸ ಮಾಡ್ತಿರೋದು. 2005ರಲ್ಲೇ ಒಂದು ಪ್ರಯೋಗದಲ್ಲಿ ರೇಡಿಯೇಷನ್ ಕೊಟ್ಟಾಗ ಈ ಕಣ ಸಾಮಾನ್ಯ ಸ್ತನ ಕೋಶಗಳನ್ನ ಉಳಿಸ್ತು, ಸ್ತನ ಕ್ಯಾನ್ಸರ್ ಕೋಶಗಳನ್ನ ಉಳಿಸಲಿಲ್ಲ. 2006ರಲ್ಲಿ ಇಲಿಗಳ ಕಣ್ಣಿಗೆ ಇಂಜೆಕ್ಷನ್ ಕೊಟ್ಟು, ಜೋರು ಬೆಳಕಿಂದ ರೆಟಿನಾ ಹಾಳಾಗೋದನ್ನ ತಡೆದಿದ್ದು ಪ್ರಕಟ ಆಯ್ತು. ನಾನು ಈ ದಾರಿಗೆ ಬಂದಿದ್ದೇ ಆ ರೆಟಿನಾ ಕೆಲಸ ಓದಿ, ನಮ್ಮ ಅಜ್ಜಿಗೆ ವಯಸ್ಸಾದ ಮೇಲೆ ರೆಟಿನಾ ಸವೆದು ನಡುಮಧ್ಯದ ದೃಷ್ಟಿ ಹೋಗಿತ್ತು, ಎದುರಿಗಿರೋರ ಮುಖ ಬಿಟ್ಟು ಸುತ್ತ ಇರೋದೆಲ್ಲಾ ಕಾಣ್ತಿತ್ತು ಅವರಿಗೆ.

ಎರಡನೇ ಬಾಟಲಿ ಕಥೆ ಬೇಸರದ್ದು. ಅದೇ ಕಂಪನಿ, ಅದೇ ಕ್ಯಾಟಲಾಗ್ ನಂಬರ್, ಬ್ಯಾಚ್ ಮಾತ್ರ ಬೇರೆ. ತೆಗೆದ ಕೂಡ್ಲೇ ಬಣ್ಣ ಗಾಢ ಅನ್ನಿಸ್ತು, ಬೆಳಕಿಗೆ ಹಿಡಿದ್ರೆ ಸ್ವಲ್ಪ ಮಬ್ಬು. ಬಣ್ಣದ ಟೆಸ್ಟ್ ಪಾಸ್ ಆಯ್ತು, ಆದ್ರೆ ಕೋಶಗಳಲ್ಲಿ ಮೊದಲಿನಷ್ಟು ಕಾಪಾಡಲಿಲ್ಲ, ಹಳೇ ಬಾಟಲಿಯ ಕೊನೇ ಹನಿಗಳ ಜೊತೆ ಒಂದೇ ಪ್ಲೇಟಲ್ಲಿ ಇಟ್ಟು ನೋಡಿದ್ರಿಂದ ಗೊತ್ತಾಯ್ತು. ಸಪೋರ್ಟ್‌ಗೆ ಬರೆದೆ, ಮೊದಲ ಉತ್ತರ ಎರಡು ವಾರ ಬಿಟ್ಟು ಬಂತು, ಬ್ಯಾಚ್ ನಿಗದಿತ ಮಿತಿಯೊಳಗೇ ಇದೆ ಅಂತ. ಮೂರರ ಸೀರಿಯಂ ಎಷ್ಟು ಶೇಕಡಾ, ಎಕ್ಸ್‌ಪಿಎಸ್ (ಅದನ್ನ ಅಳೆಯೋ ಎಕ್ಸ್-ರೇ ಪರೀಕ್ಷೆ) ಮಾಡಿದೀರಾ, ಬ್ಯಾಕ್ಟೀರಿಯಾದ ಪೊರೆಯಿಂದ ಬರೋ ವಿಷ ಎಂಡೋಟಾಕ್ಸಿನ್ ಎಷ್ಟಿದೆ ಅಂತ ಕೇಳಿದ್ರೆ, ಆ ಪರೀಕ್ಷೆಗಳು ಈ ಪ್ರಾಡಕ್ಟ್‌ನ ಭಾಗ ಅಲ್ಲ ಅಂದ್ರು. ಇದು ನನಗೆ ನಿಜಕ್ಕೂ ಸಿಟ್ಟು ತರಿಸ್ತು. ಕಣದ ಕೆಲಸವೆಲ್ಲಾ ನಿಂತಿರೋದೇ ಆ ಮೂರು ನಾಲ್ಕರ ಅನುಪಾತದ ಮೇಲೆ, ಎಂಡೋಟಾಕ್ಸಿನ್ ಇದ್ರೆ ಕೋಶಕ್ಕೆ ಅದೇ ಒಂದು ಸ್ಟ್ರೆಸ್, ಈ ಎರಡೂ ಅಳೆಯದೇ ಜೀವಕೋಶಕ್ಕೆ ಅಂತ ಬಾಟಲಿ ಮೇಲೆ ಬರೆಯೋದು ಸರಿಯಲ್ಲ. ಕೊನೆಗೆ ಕಾರ್ಡ್‌ಬೋರ್ಡ್ ಡಬ್ಬಿಯ ಒಳಗೆ ಐಸ್ ಪ್ಯಾಕ್ ಬಾಟಲಿಗೆ ನೇರವಾಗಿ ತಾಗ್ತಿತ್ತು ಅಂತ ನೆನಪಾಯ್ತು, ದಾರಿಯಲ್ಲಿ ಹೆಪ್ಪುಗಟ್ಟಿ ಕರಗಿರಬಹುದು ಅಂತ ನನ್ನ ಅನುಮಾನ. ಹೆಪ್ಪುಗಟ್ಟಿದಾಗ ಮಂಜಿನ ಹರಳುಗಳ ಮಧ್ಯೆ ಕಣಗಳು ಒತ್ತಿ ಅಂಟ್ಕೋತವೆ, ಕರಗಿದ್ರೂ ಬಿಡಿಸ್ಕೊಳ್ಳಲ್ಲ. ಅದನ್ನೂ ಬರೆದ ಮೇಲೆ ಬೇರೆ ಬ್ಯಾಚ್‌ನ ಬಾಟಲಿ ಬದಲಿಸಿ ಕೊಟ್ರು, ನಾನು ಮೇಲೆ ಎರಡನೇದು ಅಂತ ಹೇಳಿದ್ದು ಇದನ್ನೇ, ಇದು ಚೆನ್ನಾಗಿದೆ. ಬದಲಿಸಿದ್ದಕ್ಕೆ ಅವರಿಗೆ ಥ್ಯಾಂಕ್ಸ್ ಹೇಳ್ಲೇಬೇಕು.

ಬೇರೆ ಏನೇನು ಬಳಸಿದೀನಿ ಅಂತ ಕೇಳ್ತೀರ. ಎನ್-ಅಸಿಟೈಲ್ ಸಿಸ್ಟೀನ್ ಎಲ್ಲಾ ಲ್ಯಾಬಲ್ಲೂ ಇರತ್ತೆ, ಸುಲಭ, ಕೋಶದ ಸ್ವಂತ ಕಾವಲು ಅಣು ಗ್ಲುಟಾಥಯೋನ್ ಹೆಚ್ಚಿಸತ್ತೆ, ಆದ್ರೆ ಮಿಲಿಮೋಲಾರ್ ಲೆಕ್ಕದಲ್ಲಿ ಹಾಕ್ಬೇಕು ಮತ್ತೆ ಪಿಎಚ್ ಸರಿಮಾಡದೇ ಹಾಕಿದ್ರೆ ಮೀಡಿಯಾ ಹುಳಿ ಆಗತ್ತೆ. ವಿಟಮಿನ್ ಸಿ ಅಂತೂ ಮೀಡಿಯಾದಲ್ಲಿ ತಾನೇ ಆಕ್ಸಿಡೈಸ್ ಆಗಿ ಪೆರಾಕ್ಸೈಡ್ ಹುಟ್ಟಿಸತ್ತೆ, ಕಾಪಾಡೋಕೆ ಹಾಕಿದ್ದೇ ಕೊಲ್ಲೋದನ್ನ ನೋಡಿದೀನಿ. ಕ್ಯಾಟಲೇಸ್ ಕಿಣ್ವ ಸೆಕೆಂಡಿಗೆ ಲಕ್ಷಗಟ್ಟಲೆ ಪೆರಾಕ್ಸೈಡ್ ಮುರಿಯೋ ಶೂರ, ವೇಗದಲ್ಲಿ ಅದನ್ನ ಮೀರಿಸೋಕೆ ಆಗಲ್ಲ, ಆದ್ರೆ ದೊಡ್ಡ ಪ್ರೋಟೀನ್ ಆಗಿರೋದ್ರಿಂದ ಕೋಶದ ಒಳಗೆ ಸುಲಭವಾಗಿ ಹೋಗಲ್ಲ, ಬಿಸಿಗೆ ಹಾಳಾಗತ್ತೆ. ದಿನಗಟ್ಟಲೆ ಕೋಶದೊಳಗೆ ಇದ್ದು ಮತ್ತೆ ಮತ್ತೆ ಕೆಲಸ ಮಾಡ್ಬೇಕು ಅಂದ್ರೆ ಈ ಕಣದ ಜೊತೆ ನಾನು ಬಳಸಿದ ಬೇರೆ ಯಾವುದೂ ಸಾಟಿ ಆಗಲಿಲ್ಲ. ನಾನು ಒಂದು ಸಲ ಕಣ ಕೊಟ್ಟು ತೊಳೆದು, ಮೂರನೇ ದಿನ ಎರಡನೇ ಸಲ ಪೆರಾಕ್ಸೈಡ್ ಕೊಟ್ಟಾಗಲೂ ಉಳಿದವು. ಎನ್-ಅಸಿಟೈಲ್ ಸಿಸ್ಟೀನ್ ಕೊಟ್ಟ ಪಕ್ಕದ ಬಾವಿಗಳು ಎರಡನೇ ಏಟಿಗೆ ಕೂತುಹೋದ್ವು.

ಇದನ್ನ ಓದಿ ಯಾರಾದ್ರೂ, ಹಾಗಾದ್ರೆ ನ್ಯಾನೋ ಅಂತ ಹೆಸರು ಹಾಕಿ ಮಾರೋ ಆಂಟಿ-ಏಜಿಂಗ್ ಸಾಮಾನು ತಗೋಬಹುದಾ ಅಂತ ಕೇಳಿದ್ರೆ, ನನ್ನ ಪ್ಲೇಟಿನ ಫಲಿತಾಂಶ ಅದಕ್ಕೆ ಸಾಕ್ಷಿ ಅಲ್ಲ. ಪ್ಲಾಸ್ಟಿಕ್ ತಟ್ಟೆಯಲ್ಲಿ ಒಂದು ಪದರ ಕೋಶ ಬೇರೆ, ಲಿವರ್ ಸ್ಪ್ಲೀನ್ ಶ್ವಾಸಕೋಶ ಇರೋ ಮೈ ಬೇರೆ, ರಕ್ತಕ್ಕೆ ಕೊಟ್ಟ ಕಣಗಳಲ್ಲಿ ಬಹುಪಾಲು ಲಿವರ್ ಮತ್ತೆ ಸ್ಪ್ಲೀನ್‌ನಲ್ಲಿ ಹೋಗಿ ಕೂತು ತುಂಬಾ ದಿನ ಉಳೀತವೆ. ಇದೇ ಸೀರಿಯಂ ಆಕ್ಸೈಡನ್ನ ಇಲಿಗಳ ಶ್ವಾಸಕೋಶಕ್ಕೆ ಹಾಕಿದಾಗ ಉರಿಯೂತ ಬಂದಿದ್ದೂ ವರದಿ ಆಗಿದೆ. ಒಣ ಪುಡಿ ರೂಪದ್ದೂ ಇದೇ ಕಂಪನಿ ಮಾರತ್ತೆ, ದಯವಿಟ್ಟು ಅದನ್ನ ಮಾಸ್ಕ್ ಮತ್ತೆ ಗಾಳಿ ಹೊರಗೆಳೆಯೋ ಹುಡ್ ಇಲ್ಲದೇ ತೆಗೀಬೇಡಿ, ಹೊಸಬರು ದ್ರಾವಣವನ್ನೇ ತಗೊಳಿ.

ಸ್ಟಾರ್ ಕೊಡೋದಾದ್ರೆ ಕಣಕ್ಕೆ 5ಕ್ಕೆ ನಾಲ್ಕೂವರೆ, ಡೇಟಾ ಶೀಟ್‌ಗೆ ಎರಡು, ಸಪೋರ್ಟ್‌ಗೆ ಮೂರು, ಅದೂ ಬಾಟಲಿ ಬದಲಿಸಿ ಕೊಟ್ಟಿದ್ದಕ್ಕೆ. 10 ಮಿಲಿಗ್ರಾಂ ಸಾಂದ್ರತೆ ಇರೋದ್ರಿಂದ ಸಾವಿರಕ್ಕೆ ಒಂದು ಪಾಲು ಹಾಕಿದ್ರೆ ಸಾಕು, ಬಾಟಲಿ ತುಂಬಾ ದಿನ ಬರತ್ತೆ, ನನ್ನದು ಸೋಸೋಕೆ ಹೋಗಿ ವ್ಯರ್ಥ ಮಾಡಿದ್ದಕ್ಕೇ ಬೇಗ ಮುಗಿದಿದ್ದು. 4 ಡಿಗ್ರಿಯಲ್ಲಿ ನೆಟ್ಟಗೆ ನಿಲ್ಲಿಸಿಡಿ, ಫ್ರೀಜರ್ ಹತ್ರಕ್ಕೂ ಬೇಡ, ತೆರೆದ ದಿನದ ಫೋಟೋ ಬಿಳಿ ಹಾಳೆ ಮುಂದೆ ಇಟ್ಟು ತೆಗೆದಿಟ್ಕೊಳಿ, ಆಮೇಲೆ ಬಣ್ಣ ಬದಲಾಗಿದೆಯಾ ಅಂತ ನೆನಪನ್ನ ನಂಬಬೇಕಾಗಲ್ಲ. ಮುಂದಿನ ತಿಂಗಳಿಂದ ರೆಟಿನಾ ಕೋಶಗಳ ಮೇಲೆ ಶುರು ಮಾಡ್ತಿದೀವಿ. ಸಿಟ್ರೇಟ್ ಬದಲು ಸಕ್ಕರೆ ಸರಪಳಿಯಂಥ ಡೆಕ್ಸ್‌ಟ್ರಾನ್ ಕೋಟಿಂಗ್ ಇರೋದನ್ನ ಯಾರಾದ್ರೂ ಆ ಥರದ ಕೋಶಗಳಿಗೆ ಹಾಕಿ ನೋಡಿದ್ರೆ, ಮೀಡಿಯಾದಲ್ಲಿ ಎಷ್ಟು ಹೊತ್ತು ತಿಳಿಯಾಗಿ ಉಳೀತು ಅಂತ ಕೆಳಗೆ ಬರೀರಿ, ಆರ್ಡರ್ ಹಾಕೋಕೆ ಅದಕ್ಕೇ ಕಾಯ್ತಿದೀನಿ.